ದುಃಖವನ್ನೂ ತಪ್ಪನ್ನೂ ಬಿಡಿಸಿ ನೋಡುವುದು: ಮುರಿದ ಮನಸ್ಸಿನ ಕ್ರೈಸ್ತ ವಿಶ್ವಾಸಿಗೆ ಕೆಲವು ಹೆಜ್ಜೆಗಳು

ನನ್ನ ತಂದೆ ತೀರಿಕೊಂಡದ್ದು ಒಂದು ಶನಿವಾರ ರಾತ್ರಿ. ಅದೇ ದಿನ ಸಂಜೆ ಅವರು ಫೋನ್ ಮಾಡಿದ್ದರು. ನಾನು ದಿನಸಿ ಅಂಗಡಿಯಲ್ಲಿ ಚೀಟಿ ಹಿಡಿದುಕೊಂಡು ನಿಂತಿದ್ದೆ. "ನಾಳೆ ಪೂಜೆ ಮುಗಿಸ್ಕೊಂಡು ನಾನೇ ಮಾಡ್ತೀನಪ್ಪ" ಎಂದು ಹೇಳಿ ಇಟ್ಟುಬಿಟ್ಟೆ. ಕರೆಗಳ ಪಟ್ಟಿಯಲ್ಲಿ ಅವರ ಹೆಸರಿನ ಕೆಳಗೆ 11 ಸೆಕೆಂಡು ಎಂದಿತ್ತು. ಮುಂದಿನ ಏಳೆಂಟು ತಿಂಗಳು ಆ ಅಂಕಿಯನ್ನು ದಿನಕ್ಕೆ ಹತ್ತು ಸಲವಾದರೂ ತೆಗೆದು ನೋಡಿರಬೇಕು. ಅದೊಂದನ್ನೇ ಹೊತ್ತುಕೊಂಡು ಮೂರು ಸಲ ಪಾಪನಿವೇದನೆಗೆ, ಅಂದರೆ ಗುರುಗಳ ಮುಂದೆ ಪಾಪ ಹೇಳಿಕೊಂಡು ಕ್ಷಮೆ ಬೇಡಲು, ಹೋದೆ. ಮೂರನೆಯ ಸಲ ಅಲ್ಲಿದ್ದ ವಯಸ್ಸಾದ ಗುರುಗಳು ಎಲ್ಲವನ್ನೂ ಕೇಳಿ ಮುಗಿಸಿ, "ಇದು ಪಾಪ ಅಲ್ಲಪ್ಪ, ದುಃಖ. ಪಾಪಕ್ಕಾದರೆ ಕ್ಷಮೆ ಕೊಡುವ ಅಧಿಕಾರ ನನಗಿದೆ. ದುಃಖಕ್ಕೆ ನಿನ್ನ ಜೊತೆ ಕೂತುಕೊಳ್ಳಬಹುದು, ಅಷ್ಟೇ" ಎಂದರು. ಸ್ವಲ್ಪ ತಡೆದು, "ಅದಿರಲಿ, ಆ ಫೋನು ಯಾಕೆ ಅಷ್ಟು ಬೇಗ ಇಟ್ಟೆ?" ಎಂದು ಕೇಳಿದರು.

ಉತ್ತರ ನನಗೆ ಗೊತ್ತಿತ್ತು. ತಾಯಿಯ ಹೆಸರಿನಲ್ಲಿದ್ದ ಮನೆಯ ವಿಷಯದಲ್ಲಿ ಅಕ್ಕನಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸಿಕೊಂಡಿದ್ದೆ. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಕ್ರೈಸ್ತ ಕುಟುಂಬದಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂಬುದು ನನಗೆ ತಿಳಿದಿತ್ತು, ಅಕ್ಕನಿಗೆ ತಿಳಿದಿರಲಿಲ್ಲ. ಅಪ್ಪ ಫೋನ್ ಮಾಡಿದಾಗಲೆಲ್ಲ ಸುತ್ತಿ ಬಳಸಿ ಅದೇ ಮಾತಿಗೆ ಬರುತ್ತಿದ್ದರು. ಆ ಸಂಜೆಯೂ ಅದೇ ಮಾತು ಬರುತ್ತದೆಂದು ಹೆದರಿ ನಾನು ಇಟ್ಟಿದ್ದೆ. ಎಂಟು ತಿಂಗಳು ನಾನು 11 ಸೆಕೆಂಡಿಗಾಗಿ ಅತ್ತಿದ್ದೆನೇ ಹೊರತು ಅಕ್ಕನ ಸಹಿಗಾಗಿ ಒಂದು ದಿನವೂ ಅತ್ತಿರಲಿಲ್ಲ.

ಸಾವಿನ ಮನೆಗಳಲ್ಲಿ, ಪ್ರಾರ್ಥನಾ ಕೂಟಗಳಲ್ಲಿ ಅನೇಕರ ಜೊತೆ ಕುಳಿತ ಮೇಲೆ ನನಗೆ ಖಚಿತವಾದ ಮಾತೊಂದೇ. ದುಃಖ ಮತ್ತು ತಪ್ಪಿನ ಅರಿವು ಎರಡೂ ಒಂದೇ ಎದೆಯಲ್ಲಿ ಒಂದೇ ಹೊತ್ತಿಗೆ ನೋಯುತ್ತವೆ, ಒಂದರ ನೋವನ್ನು ಇನ್ನೊಂದರ ಹೆಸರಿನಲ್ಲಿ ಹೇಳಿಕೊಳ್ಳುವಂತೆ ಮಾಡುತ್ತವೆ. ಆದರೆ ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ವಿಷ. ದುಃಖದಲ್ಲಿರುವವನಿಗೆ "ಪಶ್ಚಾತ್ತಾಪಪಡು" ಎಂದರೆ ಅವನು ಮಾಡದ ಪಾಪವನ್ನು ಹುಡುಕುತ್ತಾನೆ. ತಪ್ಪು ಮಾಡಿದವನಿಗೆ "ಸಮಾಧಾನ ಮಾಡಿಕೋ" ಎಂದರೆ ಅವನು ಮಾಡಿದ್ದನ್ನು ಮುಚ್ಚಿಕೊಳ್ಳುತ್ತಾನೆ. ಕೆಳಗಿನ ಹೆಜ್ಜೆಗಳೆಲ್ಲ ಈ ಎರಡನ್ನು ಬಿಡಿಸಿಕೊಳ್ಳುವುದಕ್ಕಾಗಿಯೇ ಇವೆ.

ಮೊದಲ ಹೆಜ್ಜೆ: ಊಟ, ನಿದ್ದೆ, ಮತ್ತು ಯಾವ ತೀರ್ಮಾನವನ್ನೂ ತೆಗೆದುಕೊಳ್ಳದಿರುವುದು

ಬೈಬಲಿನ ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಪ್ರವಾದಿ ಎಲೀಯ ಮರುಭೂಮಿಯ ಒಂದು ಗಿಡದ ಕೆಳಗೆ ಕುಳಿತು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡುತ್ತಾನೆ. ದೇವದೂತ ಬಂದು ಉಪದೇಶ ಮಾಡುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟು, ಎದ್ದು ತಿನ್ನು ಎನ್ನುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೆಯ ಸಲವೂ ಬಂದು ಅದನ್ನೇ ಹೇಳುತ್ತಾನೆ. ದೇವರು ಅವನೊಡನೆ ಮಾತನಾಡುವುದು ಅದಾದ ಮೇಲೆ, ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ನಂತರ. ಆದ್ದರಿಂದ ಮೊದಲ ಕೆಲವು ವಾರ ದೊಡ್ಡ ಪ್ರಾರ್ಥನೆಗಳನ್ನು ನಿಮ್ಮ ಮೇಲೆ ಹೇರಿಕೊಳ್ಳಬೇಡಿ, ಉಪವಾಸ ಹಿಡಿಯಬೇಡಿ. ಹೊತ್ತಿಗೆ ಸರಿಯಾಗಿ ಎರಡು ತುತ್ತು ತಿನ್ನುವುದು, ಬೆಳಗ್ಗೆ ಎದ್ದು ಸ್ನಾನ ಮಾಡುವುದು, ರಾತ್ರಿ "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಒಂದು ಸಲ ಹೇಳಿ ಮಲಗುವುದು, ಇಷ್ಟು ಸಾಕು. ಆ ಪ್ರಾರ್ಥನೆಯೂ ಅರ್ಧಕ್ಕೆ ನಿಂತರೆ ನಿಲ್ಲಲಿ.

ಲೊಯೊಲಾದ ಸಂತ ಇಗ್ನೇಷಿಯಸ್ ತಮ್ಮ ಆಧ್ಯಾತ್ಮಿಕ ಸಾಧನೆಯ ನಿಯಮಗಳಲ್ಲಿ ಹೇಳಿರುವ ಒಂದು ಮಾತು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ: ಮನಸ್ಸು ಕತ್ತಲೆಯಲ್ಲಿರುವಾಗ ಹಿಂದೆ ಬೆಳಕಿನಲ್ಲಿದ್ದಾಗ ಮಾಡಿದ ನಿರ್ಧಾರವನ್ನು ಬದಲಿಸಬಾರದು. ಕೆಲಸ ಬಿಡುವುದು, ಮನೆ ಮಾರುವುದು, ಸಭೆ ಬದಲಾಯಿಸುವುದು, ಹರಕೆ ಹೊತ್ತು ಇಡೀ ಉಳಿತಾಯವನ್ನು ಯಾರಿಗೋ ಕೊಟ್ಟುಬಿಡುವುದು, ಇವೆಲ್ಲ ಕಾಯಲಿ. ಕಡೆಯದನ್ನು ಬೇಕೆಂದೇ ಹೇಳುತ್ತಿದ್ದೇನೆ, ಏಕೆಂದರೆ ಎದೆ ಒಡೆದವರ ಮನೆಗೆ ಕಾಣಿಕೆಯ ತಟ್ಟೆ ಹಿಡಿದು ಬೇಗನೆ ಬರುವವರೂ ನಮ್ಮ ನಡುವೆ ಇದ್ದಾರೆ.

ಸಾಯಬೇಕೆಂಬ ಯೋಚನೆ ಬರುತ್ತಿದ್ದರೆ ಅದು ಪಾಪವೋ ಅಲ್ಲವೋ ಎಂದು ತೂಗುತ್ತ ಕೂರಬೇಡಿ, ಎಲೀಯನಿಗೂ ಬಂದಿತ್ತು. ಯಾರಿಗಾದರೂ ಬಾಯಿಬಿಟ್ಟು ಹೇಳಿ, ಒಬ್ಬರೇ ಇರಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ. ಆರು ತಿಂಗಳು ಕಳೆದರೂ ಅಡುಗೆ, ಕೆಲಸ, ಮಕ್ಕಳ ಕಡೆಗೆ ಮನಸ್ಸು ಒಂದಿಷ್ಟೂ ಹೊರಳದಿದ್ದರೆ ವೈದ್ಯರನ್ನು ಕಾಣಬೇಕು; ಹಾಗೆ ಕಾಣುವುದು ವಿಶ್ವಾಸದ ಕೊರತೆಯಲ್ಲ.

ಎರಡನೆಯ ಹೆಜ್ಜೆ: ಒಂದು ಹಾಳೆ, ನಡುವೆ ಒಂದು ಗೆರೆ

ಸ್ವಲ್ಪ ಚೇತರಿಕೆ ಬಂದ ಮೇಲೆ ನೋಟ್ ಪುಸ್ತಕದ ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಗಡೆ "ನನಗೆ ಆದದ್ದು" ಎಂದೂ ಬಲಗಡೆ "ನಾನು ಮಾಡಿದ್ದು" ಎಂದೂ ಬರೆಯಿರಿ. ಎದೆಯನ್ನು ಚುಚ್ಚುತ್ತಿರುವ ಒಂದೊಂದು ನೆನಪನ್ನೂ ಹಿಡಿದು ಮೂರು ಪ್ರಶ್ನೆ ಕೇಳಿಕೊಳ್ಳಿ. ವಿಷಯ ನಿಜಕ್ಕೂ ಗುರುತರವಾದದ್ದೆ? ಆ ಹೊತ್ತಿನಲ್ಲಿ ನನಗೆ ಅದು ತಪ್ಪೆಂದು ಗೊತ್ತಿತ್ತೆ? ಗೊತ್ತಿದ್ದೂ ಬೇಕೆಂದೇ ಮಾಡಿದೆನೆ? ಇವು ನಾನು ಕಟ್ಟಿದ ಪ್ರಶ್ನೆಗಳಲ್ಲ. ಪಾಪವನ್ನು ಮಾರಕ ಪಾಪವೆಂದು ಹೇಳುವುದಕ್ಕೆ ಕಥೋಲಿಕ ಧರ್ಮಸಭೆ ಇಡುವ ಮೂರು ಷರತ್ತುಗಳೇ ಇವು.

ಗಂಡನಿಗೆ ಎದೆನೋವು ಬಂದಾಗ ಗ್ಯಾಸ್ ಇರಬೇಕೆಂದು ಸೋಡ ಕುಡಿಸಿ ಮಲಗಿಸಿದ ಒಬ್ಬ ತಾಯಿ ವರ್ಷಗಟ್ಟಲೆ "ನಾನೇ ಕೊಂದೆ" ಎನ್ನುತ್ತಿದ್ದರು. ಅವರ ನೆನಪನ್ನು ಈ ಮೂರು ಪ್ರಶ್ನೆಗಳ ಮುಂದೆ ಇಟ್ಟರೆ ಅದು ಎಡಗಡೆಗೇ ಹೋಗುತ್ತದೆ. ಅಂದು ಅವರಿಗೆ ಗೊತ್ತಿದ್ದಷ್ಟರಲ್ಲಿ ಅವರು ಉಪಚಾರವನ್ನೇ ಮಾಡಿದ್ದರು. ಇಂದಿನ ತಿಳಿವಳಿಕೆಯನ್ನು ಅಂದಿನ ರಾತ್ರಿಗೆ ಒಯ್ದು ತಮ್ಮ ಮೇಲೆ ತಾವೇ ತೀರ್ಪು ಹೇಳಿಕೊಳ್ಳುತ್ತಿದ್ದರು. ನನ್ನ 11 ಸೆಕೆಂಡೂ ಎಡಗಡೆಯದೇ. ಅಕ್ಕನ ಸಹಿ ಮಾತ್ರ ಬಲಗಡೆಯದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಮನಸ್ಸು ಬಲು ಚಾಲಾಕಿ. ನಿಜವಾದ ತಪ್ಪನ್ನು ನೋಡದೆ ಇರುವುದಕ್ಕಾಗಿ ಅದು ನಿರಪರಾಧಿಯಾದ ಒಂದು ನೆನಪನ್ನು ಮುಂದೆ ತಳ್ಳಿ ಅದಕ್ಕೆ ಶಿಕ್ಷೆ ಕೊಡುತ್ತಿರುತ್ತದೆ. ಹಾಳೆಯ ಬಲಗಡೆ ಪೂರ್ತಿ ಖಾಲಿ ಉಳಿದರೆ ಸಂತೋಷಪಡುವ ಮೊದಲು ಇನ್ನೊಂದು ದಿನ ಕಾಯಿರಿ. ಹಾಗೆಯೇ ಎಡಗಡೆ ಖಾಲಿ ಉಳಿದು ಎಲ್ಲವೂ ಬಲಗಡೆಯೇ ತುಂಬಿದ್ದರೆ, ಆ ಹಾಳೆಯನ್ನು ನಿಮ್ಮನ್ನು ಬಲ್ಲ, ನಿಮ್ಮನ್ನು ಹೊಗಳದ ಒಬ್ಬ ಹಿರಿಯರಿಗೆ ತೋರಿಸಿ.

ಮೂರನೆಯ ಹೆಜ್ಜೆ: ಎಡಗಡೆಯದಕ್ಕೆ ಪ್ರಲಾಪ

ನಮ್ಮ ಸಭೆಗಳಲ್ಲಿ ಸಾವಿನ ಮನೆಗೆ ಬಂದವರು ಚಪ್ಪಲಿ ಬಿಡುವುದಕ್ಕೆ ಮೊದಲೇ "ದೇವರ ಚಿತ್ತ" ಎನ್ನುತ್ತಾರೆ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮೂವರು ಸ್ನೇಹಿತರನ್ನು ಎಲ್ಲರೂ ಬೈಯುತ್ತೇವೆ, ಆದರೆ ಅವರು ಮೊದಲು ಏಳು ಹಗಲು ಏಳು ರಾತ್ರಿ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕುಳಿತಿದ್ದರು ಎಂಬುದನ್ನು ಮರೆಯುತ್ತೇವೆ. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ. ಲಾಜರನ ಸಮಾಧಿಯ ಹತ್ತಿರ ಯೇಸುವಿಗೆ ಇನ್ನೇನು ಅವನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದೂ ಕಣ್ಣೀರು ಬಂದಿತು. ಪುನರುತ್ಥಾನವನ್ನು ನಂಬುವವರು ಅಳಬಾರದೆಂದು ಹೇಳುವವರು ಯೋಹಾನ 11ನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕು. ಲಾಜರನ ಸೋದರಿಯರಾದ ಮಾರ್ಥ, ಮರಿಯ ಇಬ್ಬರೂ, ನೀನು ಇಲ್ಲಿ ಇದ್ದಿದ್ದರೆ ತಮ್ಮ ಸಾಯುತ್ತಿರಲಿಲ್ಲ ಎಂದು ಅವನ ಮುಖಕ್ಕೇ ಹೇಳಿದರು. ಅವನು ಅವರನ್ನು ಗದರಿಸಲಿಲ್ಲ.

ಮಾಡಬೇಕಾದ್ದು ಇಷ್ಟು. ದಿನದಲ್ಲಿ ಒಂದೇ ಹೊತ್ತು ಗೊತ್ತುಮಾಡಿಕೊಂಡು, ಹದಿನೈದು ನಿಮಿಷ, ಬೈಬಲಿನ ಕೀರ್ತನೆಗಳಲ್ಲಿ ಒಂದು ಪ್ರಲಾಪದ ಕೀರ್ತನೆಯನ್ನು ಗಟ್ಟಿಯಾಗಿ ಓದಿ. 13ನೆಯ ಕೀರ್ತನೆಯಿಂದ ಆರಂಭಿಸಬಹುದು. ಅದು ಚಿಕ್ಕದು, ಎಷ್ಟರ ತನಕ ಎಂಬ ಪ್ರಶ್ನೆಯನ್ನು ಮೊದಲೆರಡು ವಚನಗಳಲ್ಲಿಯೇ ನಾಲ್ಕು ಸಲ ಕೇಳುತ್ತದೆ. ಓದಿದ ಮೇಲೆ ಅದೇ ಪ್ರಶ್ನೆಯನ್ನು ಮನೆಯಲ್ಲಿ ಆಡುವ ನಿಮ್ಮ ಮಾತಿನಲ್ಲಿ ಕೇಳಿ. ಗ್ರಾಂಥಿಕ ಪ್ರಾರ್ಥನಾ ಭಾಷೆ ಬೇಡ, "ಯಾಕೆ ಕರ್ಕೊಂಡೆ?" ಎಂಬುದೂ ಪ್ರಾರ್ಥನೆಯೇ. ಎರಡನೆಯ ವಾರಕ್ಕೆ 88ನೆಯ ಕೀರ್ತನೆಗೆ ಬನ್ನಿ. ಬಹುತೇಕ ಪ್ರಲಾಪಗಳು ಕಡೆಯಲ್ಲಿ ಸ್ತೋತ್ರಕ್ಕೆ ತಿರುಗುತ್ತವೆ, ಇದು ತಿರುಗುವುದಿಲ್ಲ, ಕತ್ತಲೆಯಲ್ಲಿಯೇ ಮುಗಿಯುತ್ತದೆ. ಅಂಥದೊಂದು ಪ್ರಾರ್ಥನೆಯನ್ನು ಪವಿತ್ರ ಗ್ರಂಥದಿಂದ ಯಾರೂ ತೆಗೆದುಹಾಕಲಿಲ್ಲ ಎಂಬುದೇ ನನಗೆ ಬಹಳ ದಿನ ಆಸರೆಯಾಗಿತ್ತು. ಆಮೇಲೆ ಪ್ರಲಾಪಗಳ ಗ್ರಂಥ. ಅದರ ಮೊದಲ ನಾಲ್ಕು ಅಧ್ಯಾಯಗಳು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲಿ ಕಟ್ಟಿದವು. ಊರು ಸುಟ್ಟು ಹೋದವನು ತನ್ನ ಅಳುವನ್ನು ಅಕ್ಷರಕ್ಕೆ ಅಕ್ಷರ ಜೋಡಿಸಿದ್ದಾನೆ. ಅ ದಿಂದ ಆರಂಭಿಸಿ ಒಂದೊಂದು ಅಕ್ಷರಕ್ಕೆ ಕಳೆದುಕೊಂಡವರ ಒಂದೊಂದು ನೆನಪನ್ನು ಬರೆದು ನೋಡಿ. ನಾನು ಅ ಗೆ ಅಂಬಟೆಕಾಯಿ ಉಪ್ಪಿನಕಾಯಿ ಎಂದು ಬರೆದೆ, ಅಪ್ಪನಿಗೆ ಅದಿಲ್ಲದೆ ಮೊಸರನ್ನ ಇಳಿಯುತ್ತಿರಲಿಲ್ಲ. ಇ ದಾಟುವಷ್ಟರಲ್ಲಿ ಮೊದಲ ಬಾರಿಗೆ ಸರಿಯಾಗಿ ಅತ್ತೆ.

ಎರಡು ಬಗೆಯ ದುಃಖಕ್ಕೆ ನಮ್ಮಲ್ಲಿ ಹಳೆಯ ಭಯವೊಂದು ಅಂಟಿಕೊಂಡಿದೆ, ಅದನ್ನು ಬಿಡಿಸಿ ಹೇಳಬೇಕು. ಆತ್ಮಹತ್ಯೆ ಮಾಡಿಕೊಂಡವರಿಗೆ ದೇವಾಲಯದಲ್ಲಿ ಅಂತ್ಯಕ್ರಿಯೆ ಇಲ್ಲ, ಅವರನ್ನು ಗೋಡೆಯಾಚೆಗೆ ಹೂಳಬೇಕು ಎಂದು ಹಿರಿಯರು ಇನ್ನೂ ಹೇಳುವುದುಂಟು. 1917ರ ಕಥೋಲಿಕ ಧರ್ಮಸಂಹಿತೆಯಲ್ಲಿ ಅಂಥ ನಿಷೇಧವಿತ್ತು ನಿಜ. 1983ರ ಸಂಹಿತೆಯಲ್ಲಿ ಅದು ಇಲ್ಲ. ಅವರ ರಕ್ಷಣೆಯ ವಿಷಯದಲ್ಲಿ ನಿರಾಶರಾಗಬಾರದು, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎಂದು ಇಂದಿನ ಅಧಿಕೃತ ಧರ್ಮೋಪದೇಶ ಸ್ಪಷ್ಟವಾಗಿ ಹೇಳುತ್ತದೆ. ಇನ್ನೊಂದು, ದೀಕ್ಷಾಸ್ನಾನಕ್ಕೆ ಮೊದಲೇ ತೀರಿಕೊಂಡ ಕೂಸು. ತಂದೆತಾಯಿಗೆ ದೀಕ್ಷೆ ಕೊಡಿಸುವ ಉದ್ದೇಶವಿದ್ದಿದ್ದರೆ ಧರ್ಮಾಧ್ಯಕ್ಷರ (ಬಿಷಪರ) ಅನುಮತಿಯಿಂದ ಅಂತ್ಯಕ್ರಿಯೆ ನಡೆಸಬಹುದು, ಮತ್ತು ಆ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸಬೇಕೆಂಬುದೇ ಬೋಧನೆ. ಯಾರಾದರೂ ಬೇರೆ ಹೇಳಿ ನಿಮ್ಮನ್ನು ಹೆದರಿಸಿದ್ದರೆ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ನೇರವಾಗಿ ಕೇಳಿ.

ನಾಲ್ಕನೆಯ ಹೆಜ್ಜೆ: ಬಲಗಡೆಯದಕ್ಕೆ ನಿವೇದನೆ

ಬಲಗಡೆ ಬರೆದದ್ದನ್ನು ಎಷ್ಟು ಅತ್ತರೂ ಕಣ್ಣೀರು ತೊಳೆಯುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಬೇಕು. 32ನೆಯ ಕೀರ್ತನೆಯಲ್ಲಿ ಅರಸ ದಾವೀದ, ತಾನು ಸುಮ್ಮನಿದ್ದಷ್ಟು ದಿನ ಎಲುಬುಗಳೇ ಸವೆದುಹೋದವು ಎನ್ನುತ್ತಾನೆ. 51ನೆಯ ಕೀರ್ತನೆ ಬತ್ಷೆಬೆ ಎಂಬ ಪರಸ್ತ್ರೀಯ ವಿಷಯದಲ್ಲಿ ಪ್ರವಾದಿ ನಾತಾನನು ಎದುರು ನಿಂತು ಕೇಳಿದ ಮೇಲೆ ಬಂದದ್ದೆಂದು ಅದರ ಶೀರ್ಷಿಕೆಯೇ ಹೇಳುತ್ತದೆ. ಅದರಲ್ಲಿ ಒಂದು ಕಡೆಯೂ "ಪರಿಸ್ಥಿತಿ ಹಾಗಿತ್ತು" ಎಂಬ ಮಾತಿಲ್ಲ. ನಿವೇದನೆಗೆ ಹೋಗುವ ಮುನ್ನ ಅದನ್ನು ನಿಧಾನವಾಗಿ ಓದಿ, ನಿಮ್ಮ ತಪ್ಪನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ವಾಕ್ಯದ ಕರ್ತೃ "ನಾನು" ಆಗಿರಲಿ, "ಆದರೆ" ಎಂಬ ಪದ ಇರದಿರಲಿ. "ಅಕ್ಕನಿಗೆ ತಿಳಿಯದಂತೆ ಅವಳ ಪಾಲನ್ನು ನಾನು ತೆಗೆದುಕೊಂಡೆ." ಇಷ್ಟನ್ನು ಬರೆಯಲು ನನಗೆ ಒಂದು ಸಂಜೆ ಬೇಕಾಯಿತು.

ಕಥೋಲಿಕರಾದರೆ ಶನಿವಾರ ಸಂಜೆಯ ಸಾಲಿನಲ್ಲಿ ನಿಂತು ಅವಸರದಲ್ಲಿ ಹೇಳುವುದಕ್ಕಿಂತ ಗುರುಗಳನ್ನು ಮೊದಲೇ ಕೇಳಿ ಅರ್ಧ ಗಂಟೆ ಬಿಡುವು ಪಡೆಯುವುದು ಮೇಲು. ಪರಿಚಯದವರ ಮುಂದೆ ಸಂಕೋಚವಾದರೆ ಬೇರೆ ಧರ್ಮಕೇಂದ್ರಕ್ಕೆ ಹೋಗಬಹುದು. ಕೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಗರ್ಭಪಾತದ ಪಾಪಕ್ಕೆ ಕ್ಷಮೆ ಕೊಡುವ ಅಧಿಕಾರ ಎಲ್ಲ ಗುರುಗಳಿಗೂ ಇದೆ ಎಂಬುದು ಅನೇಕ ಹೆಂಗಸರಿಗೆ ಇಂದಿಗೂ ತಿಳಿದಿಲ್ಲ. 2016ರ ನವೆಂಬರಿನಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಕಾಲಮಿತಿಯಿಲ್ಲದೆ ವಿಸ್ತರಿಸಿದರು. ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಮತ್ತಿತರ ಪ್ರಾಟೆಸ್ಟೆಂಟ್ ಸಭೆಗಳವರು ಆರಾಧನೆಯಲ್ಲಿ ಎಲ್ಲರೂ ಕೂಡಿ ಹೇಳುವ ಪಾಪ ಅರಿಕೆಯ ಜೊತೆಗೆ, ಯಾಕೋಬನ ಪತ್ರಿಕೆ 5:16 ಹೇಳುವಂತೆ, ಸಭಾಪಾಲಕರ ಮುಂದೆಯೋ ನಂಬಿಕೆಯ ಒಬ್ಬ ಸಹವಿಶ್ವಾಸಿಯ ಮುಂದೆಯೋ ಖಾಸಗಿಯಾಗಿ ಹೇಳಿಕೊಳ್ಳಬಹುದು. ಆಳು ನೋಡಿ ಆರಿಸಿಕೊಳ್ಳಿ. "ಪ್ರಾರ್ಥನಾ ವಿಷಯ" ಎಂಬ ಹೆಸರಿನಲ್ಲಿ ಒಬ್ಬರ ಗುಟ್ಟು ಭಾನುವಾರದೊಳಗೆ ಊರೆಲ್ಲ ಸುತ್ತುವುದನ್ನು ನಾವೆಲ್ಲ ನೋಡಿದ್ದೇವೆ.

ಒಂದು ಸಲ ಹೇಳಿ ಕ್ಷಮೆ ಪಡೆದ ಮೇಲೆ ಅದೇ ಪಾಪವನ್ನು ಮತ್ತೆ ಮತ್ತೆ ಹೇಳಲು ಹೋಗಬೇಡಿ. ಮೇಲೆ ಹೇಳಿದ ಇಗ್ನೇಷಿಯಸ್ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ ಹಿಂದಿನ ಪಾಪಗಳನ್ನು ಸರಿಯಾಗಿ ಹೇಳಿದೆನೋ ಇಲ್ಲವೋ ಎಂಬ ಸಂಶಯಕ್ಕೆ ಬಿದ್ದು, ನಿವೇದನೆಯ ಮೇಲೆ ನಿವೇದನೆ ಮಾಡಿ, ಕೊನೆಗೆ ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋಗಿದ್ದರು. ಹಳೆಯದನ್ನು ಇನ್ನು ನಿವೇದಿಸುವುದಿಲ್ಲ ಎಂದು ಗಟ್ಟಿ ಮಾಡಿಕೊಂಡ ಮೇಲೆಯೇ ಅವರಿಗೆ ಬಿಡುಗಡೆ ಸಿಕ್ಕಿತು.

ಐದನೆಯ ಹೆಜ್ಜೆ: ಕೊಡಬೇಕಾದ್ದನ್ನು ಕೊಡುವುದು

ಬಹುತೇಕ ಧ್ಯಾನಕೂಟಗಳು ನಿವೇದನೆಯ ನಂತರ ನೇರವಾಗಿ ಹಾಡಿಗೆ ಹೋಗಿಬಿಡುತ್ತವೆ. ನನ್ನ ಮಟ್ಟಿಗೆ ಹೊಸತನ ಬರುವುದೂ ನಿಲ್ಲುವುದೂ ಈ ಹೆಜ್ಜೆಯಲ್ಲಿ. ಲೂಕ 19ರಲ್ಲಿ ಸುಂಕ ವಸೂಲಿಗಾರ ಜಕ್ಕಾಯ ಯೇಸುವಿನ ಮುಂದೆ ಅಳಲಿಲ್ಲ, ಲೆಕ್ಕ ಹೇಳಿದ: ಆಸ್ತಿಯ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು. ಅವನ ಮನೆಗೆ ರಕ್ಷಣೆ ಬಂದಿತೆಂದು ಯೇಸು ಹೇಳಿದ್ದು ಆ ಲೆಕ್ಕ ಕೇಳಿದ ಮೇಲೆ.

ಅನ್ಯಾಯಕ್ಕೆ ಒಳಗಾದವರು ಬದುಕಿಲ್ಲದಿದ್ದರೆ ಏನು ಮಾಡುವುದೆಂದು ಅನೇಕರು ಕೇಳುತ್ತಾರೆ. ಬೈಬಲಿನ ಅರಣ್ಯಕಾಂಡ 5:7-8ರಲ್ಲಿ ಇದಕ್ಕೆ ದಾರಿಯಿದೆ. ತಪ್ಪು ಮಾಡಿದವನು ಮೊತ್ತವನ್ನು ಪೂರ್ತಿಯಾಗಿ, ಐದರಲ್ಲೊಂದು ಭಾಗ ಕೂಡಿಸಿ ಹಿಂದಿರುಗಿಸಬೇಕು. ತೆಗೆದುಕೊಳ್ಳಲು ಆ ವ್ಯಕ್ತಿಯ ಹತ್ತಿರದ ಸಂಬಂಧಿಕರೂ ಇಲ್ಲದಿದ್ದರೆ ಅದು ದೇವರಿಗೆ ಸೇರಬೇಕು. ಅಂದರೆ ಮೊದಲು ಆ ವ್ಯಕ್ತಿಗೆ, ಇಲ್ಲವಾದರೆ ಅವರ ಮನೆಯವರಿಗೆ, ಯಾರೂ ಇಲ್ಲದಿದ್ದರೆ ಮಾತ್ರ ಕಾಣಿಕೆಯ ಪೆಟ್ಟಿಗೆಗೆ. ಈ ಕ್ರಮವನ್ನು ತಲೆಕೆಳಗು ಮಾಡಿ, ಅಣ್ಣತಮ್ಮಂದಿರ ಪಾಲು ನುಂಗಿ ಹಬ್ಬಕ್ಕೆ ದೇವಾಲಯಕ್ಕೆ ಬಣ್ಣ ಹೊಡೆಸುವವರಿದ್ದಾರೆ.

ಕ್ಷಮೆ ಕೇಳಲು ಹೋಗುವಾಗ ಮಾತಿಗಿಂತ ಮೊದಲು ವಸ್ತುವನ್ನು ಸಿದ್ಧಮಾಡಿಕೊಳ್ಳಿ. ನಾನು ವಕೀಲರ ಬಳಿ ಹೋಗಿ ಅಕ್ಕನ ಪಾಲಿನ ಬೆಲೆ ಕಟ್ಟಿಸಿ, ಮೊದಲ ಕಂತಿನ ಚೆಕ್ ಬರೆದುಕೊಂಡು ಅವಳ ಮನೆಗೆ ಹೋದೆ. ಅವಳು ಹೂಕೋಸು ಬಿಡಿಸುತ್ತಿದ್ದಳು. ಚೆಕ್ಕನ್ನು ನೋಡಿ, ಮಡಿಸಿ, ಅಡುಗೆಮನೆಯ ಸಕ್ಕರೆ ಡಬ್ಬಿಯ ಕೆಳಗೆ ಇಟ್ಟಳು. "ಅಪ್ಪ ಇದ್ದಾಗ ತರಬಾರ್ದಿತ್ತಾ?" ಎಂದಳು. ಕಾಫಿ ಕೊಡಲಿಲ್ಲ. ಅವಳು ನನ್ನನ್ನು ಕ್ಷಮಿಸಿದ್ದೇನೆ ಎಂದು ಹೇಳಿದ್ದು ಅದಾದ ಒಂದೂವರೆ ವರ್ಷಕ್ಕೆ. ನೀವು ಹೋದ ಕಡೆಯೂ ಬಾಗಿಲು ತೆರೆಯದಿರಬಹುದು; ಕೊಡುವುದು ನಿಮ್ಮ ಕೆಲಸ, ಕ್ಷಮಿಸುವ ಗಳಿಗೆಯನ್ನು ಗೊತ್ತುಮಾಡುವುದು ಅವರ ಹಕ್ಕು. ನೀವು ಹೋಗುವುದರಿಂದ ಅವರ ಸಂಸಾರ ಒಡೆಯುತ್ತದೆ ಅಥವಾ ಅವರಿಗೆ ಹೆದರಿಕೆಯಾಗುತ್ತದೆ ಎಂದಾದರೆ ಹೋಗಬೇಡಿ. ಗುರುಗಳೊಡನೆ ಮಾತನಾಡಿ ಬೇರೆ ದಾರಿ ಹುಡುಕಿ.

ಕೆಲವು ತಪ್ಪುಗಳಿಗೆ ಹಿಂದಿರುಗಿಸುವ ಲೆಕ್ಕವೇ ಸಿಗುವುದಿಲ್ಲ. ಇಂಗ್ಲೆಂಡಿನ ಜಾನ್ ನ್ಯೂಟನ್ 1748ರಲ್ಲಿ ಕಡಲ ಬಿರುಗಾಳಿಯಲ್ಲಿ ದೇವರ ಕಡೆ ತಿರುಗಿದರೆಂದು ಎಲ್ಲರೂ ಹೇಳುತ್ತಾರೆ. ಆ ಮೇಲೂ ಅವರು ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನರಾಗಿ 1754ರವರೆಗೆ ದುಡಿದರು ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಆ ವ್ಯಾಪಾರದಲ್ಲಿ ತಾವು ಕಂಡದ್ದನ್ನೂ ಮಾಡಿದ್ದನ್ನೂ ಅವರು ಬಹಿರಂಗವಾಗಿ ಅಚ್ಚುಹಾಕಿಸಿದ್ದು 1788ರಲ್ಲಿ. ಬ್ರಿಟಿಷ್ ಸಂಸತ್ತು ಗುಲಾಮರ ವ್ಯಾಪಾರವನ್ನು ನಿಷೇಧಿಸಿದ 1807ರ ಕೊನೆಯಲ್ಲಿಯೇ ಅವರೂ ತೀರಿಕೊಂಡರು. ತಡವಾಯಿತು, ಬಹಳವೇ ತಡವಾಯಿತು. ಆದರೂ ಬಾಯಿಬಿಟ್ಟ ಸಾಕ್ಷಿ ಕೆಲಸಕ್ಕೆ ಬಂದಿತು.

ಆರನೆಯ ಹೆಜ್ಜೆ: ಅದೇ ಜಾಗಕ್ಕೆ ಮರಳುವುದು

ಯೇಸುವಿನ ಶಿಷ್ಯರಾದ ಪೇತ್ರನೂ ಯೂದನೂ ಒಂದೇ ರಾತ್ರಿ ಎಡವಿದವರು: ಪೇತ್ರ ಅವನನ್ನು ಅರಿಯೆನೆಂದ, ಯೂದ ಅವನನ್ನು ಹಿಡಿದುಕೊಟ್ಟ. ಯೂದ ತನ್ನ ತಪ್ಪನ್ನು ಒಪ್ಪಿಕೊಂಡು ಅದಕ್ಕೆ ಪಡೆದಿದ್ದ 30 ಬೆಳ್ಳಿ ನಾಣ್ಯಗಳನ್ನು ಹಿಂದಿರುಗಿಸಿದ. ಆದರೆ ಅವನು ಹೋದದ್ದು, ಅದು ನಮಗೇನು ಎಂದು ಕೇಳುವ ಮಹಾಯಾಜಕರ ಬಳಿಗೆ, ಅಲ್ಲಿಂದ ಒಬ್ಬನೇ ಹೊರಟುಹೋದ. ಪೇತ್ರ ಉಳಿದ ಶಿಷ್ಯರನ್ನು ಬಿಟ್ಟು ಹೋಗಲಿಲ್ಲ. ಯೋಹಾನ 21ರಲ್ಲಿ ಅವನು ಮೀನು ಹಿಡಿಯಲು ಹೊರಟಾಗ ಒಟ್ಟು ಏಳು ಮಂದಿ ದೋಣಿಯಲ್ಲಿದ್ದರು. ದಡದಲ್ಲಿ ಯೇಸು ಇದ್ದಲಿನ ಬೆಂಕಿ ಹೊತ್ತಿಸಿ ಮೀನು, ರೊಟ್ಟಿ ಸಿದ್ಧಮಾಡಿದ್ದ. ಇದ್ದಲಿನ ಬೆಂಕಿಗೆ ಇಲ್ಲಿ ಬಳಸಿರುವ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇನ್ನು ಒಂದೇ ಕಡೆ ಬರುತ್ತದೆ: ಪೇತ್ರ ಚಳಿ ಕಾಯಿಸುತ್ತ ನಿಂತು ಯೇಸುವನ್ನು ಅರಿಯೆನೆಂದ ಅಂಗಳದಲ್ಲಿ. ಮೂರು ಸಲ ಅರಿಯೆನೆಂದವನಿಗೆ, ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಪ್ರಶ್ನೆ, ನನ್ನ ಕುರಿಗಳನ್ನು ನೋಡಿಕೋ ಎಂದು ಮೂರು ಸಲ ಕೆಲಸ. ಮೊದಲು ಊಟ.

ಹೀಗೆ ಮರಳುವುದನ್ನು ಚಿಕ್ಕದಾಗಿ ಆರಂಭಿಸಿ. ಹಳೆಯ ಬೆಂಚಿನಲ್ಲಿ ಕೂರಲಾಗದಿದ್ದರೆ ಹಿಂದೆ ನಿಂತು ಪೂಜೆ ಕೇಳಿ. ಹಾಡಲು ಗಂಟಲು ಬರದಿದ್ದರೆ ಉಳಿದವರು ಹಾಡುವುದನ್ನು ಕೇಳಿಸಿಕೊಳ್ಳಿ. ವರ್ಷ ತುಂಬುವ ಮೊದಲು ಯಾರು ಒತ್ತಾಯಿಸಿದರೂ ವೇದಿಕೆ ಹತ್ತಿ ಸಾಕ್ಷಿ ಹೇಳಬೇಡಿ. ಆರದ ಗಾಯಕ್ಕೆ ಮೈಕು ಒಳ್ಳೆಯದಲ್ಲ. ಯಾರಾದರೂ ಕೊಡುವ ಸಣ್ಣ ಕೆಲಸವನ್ನು, ಸಂಡೇ ಸ್ಕೂಲಿನ ಕುರ್ಚಿ ಜೋಡಿಸುವುದಾದರೂ ಸರಿ, ಬೇಡವೆನ್ನಬೇಡಿ.

ವರ್ಷದ ಕೆಲವು ದಿನಗಳನ್ನು ಮೊದಲೇ ಗುರುತಿಸಿಕೊಳ್ಳಿ: ತೀರಿಕೊಂಡ ದಿನ, ಅವರ ಹುಟ್ಟುಹಬ್ಬ, ಮೊದಲ ಕ್ರಿಸ್ಮಸ್, ಬೂದಿ ಬುಧವಾರ, ಮತ್ತು ಮೃತರೆಲ್ಲರ ಸ್ಮರಣೆಯ ನವೆಂಬರ್ 2. ಆ ದಿನಗಳಲ್ಲಿ ಭಾರ ಮರಳಿ ಬರುತ್ತದೆ. ಬಂದಾಗ ಹಿಂದಿನ ಕ್ಷಮೆ ಸುಳ್ಳಾಯಿತೆಂದು ಎಣಿಸದೆ, ಆ ಹಾಳೆಯನ್ನು ತೆಗೆದು ಈ ಭಾರ ಯಾವ ಬದಿಯದೆಂದು ನೋಡಿ. ನನಗೆ ಬಹುಮಟ್ಟಿಗೆ ಅದು ಎಡಗಡೆಯದೇ ಆಗಿರುತ್ತದೆ. ನವೆಂಬರ್ 2ರ ಸಂಜೆ ಮೇಣದಬತ್ತಿ, ಚೆಂಡುಹೂ ಹಿಡಿದು ಸಿಮಿತೇರಿಗೆ ಹೋಗುವಾಗ ಈಗ ಅಕ್ಕನೂ ಬರುತ್ತಾಳೆ. ಬತ್ತಿ ಗಾಳಿಗೆ ಆರಿದರೆ ಅವಳು ಸೆರಗು ಅಡ್ಡ ಹಿಡಿಯುತ್ತಾಳೆ, ನಾನು ಕಡ್ಡಿ ಗೀರುತ್ತೇನೆ.